ಎಂಟು ಏಳರ ಕಿಟಕಿ

ಈಗಿನವರು ಚಡ್ಡಿಯ ಮೇಲೆ ಇಸ್ತ್ರಿ ಅಂಗಿ ತೊಟ್ಟು, ಕುಕ್ಕರ್ ಕೂಗುವ ಪಕ್ಕದಲ್ಲೇ ಕಂಪ್ಯೂಟರ್ ತೆರೆದು ಆಫೀಸು ನಡೆಸುವುದನ್ನು ನೋಡಿ ನನಗೇನೂ ಹೊಟ್ಟೆಯುರಿ ಇಲ್ಲ. ಆದರೆ ಮೊನ್ನೆ ನಮ್ಮ ಕಟ್ಟಡದ ಹುಡುಗಿಯೊಬ್ಬಳು, "ಕರ್ಣಿಕ್ ಕಾಕಾ, ನಿಮ್ಮ ಕಾಲದಲ್ಲಿ ಬೇಕಾದ ಹೊತ್ತಿಗೆ ಕೆಲ್ಸ ಮಾಡೋ ಅನುಕೂಲ ಇರ್ಲಿಲ್ಲ ಅಲ್ವಾ, ಪಾಪ" ಎಂದಳು. ಆ 'ಪಾಪ'ವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಇತ್ತು ತಾಯಿ, ಇತ್ತು. ಒಬ್ಬನಿಗೆ ಇತ್ತು. ಆ ಒಬ್ಬನಿಗೆ ಸಿಕ್ಕಿದ್ದಕ್ಕೇ ಅರ್ಧ ಡೊಂಬಿವಲಿ ಕಣ್ಣೀರು ಹಾಕಿತು ಎಂದು ಅವಳಿಗೆ ಹೇಳಿದೆ. ಅವಳಿಗೆ ಕೇಳಲು ಪುರಸೊತ್ತಿರಲಿಲ್ಲ. ನಿಮಗಿದ್ದರೆ ಕೇಳಿ.

ಭಾಲಚಂದ್ರ ಟಿಪ್ನಿಸ್ ನಮ್ಮ ಎದುರು ಮನೆಯವನು. ಫೋರ್ಟಿನಲ್ಲಿ ಗೋಡೆಗೆ ಬಳಿಯುವ ಬಣ್ಣ ಮಾಡುವ ಒಂದು ಕಂಪನಿಯಲ್ಲಿ ಗುಮಾಸ್ತ. ಹಾಗೆಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ಹೊಸ ಬಣ್ಣಗಳಿಗೆ ಹೆಸರಿಡುವ ಕೆಲಸ ಅವನದು. ನಾಮಕರಣ ಮಾಡುವವನು ಪುರೋಹಿತನಲ್ಲವೇ ಎಂದು ಅವನ ವಾದ. ಪುರೋಹಿತನೇ ಸರಿ, ಆದರೆ ದಕ್ಷಿಣೆ ಮಾತ್ರ ಗುಮಾಸ್ತನದು ಎಂದು ನಾನು ಹೇಳುತ್ತಿದ್ದೆ.

ನಾವಿಬ್ಬರೂ ಎಂಟು ಏಳರ, ಅಂದರೆ ಎಂಟು ಗಂಟೆ ಏಳು ನಿಮಿಷದ, ಫಾಸ್ಟ್ ಲೋಕಲ್ ಗಾಡಿಯವರು. ನಮ್ಮ ಕಡೆ ಮನುಷ್ಯನ ಕುಲಗೋತ್ರ ಆಮೇಲೆ, ಮೊದಲು ಅವನ ಗಾಡಿ ಯಾವುದು ಎಂದು ಕೇಳುತ್ತಾರೆ. ಎಂಟು ಏಳರ ಮೂರನೇ ಡಬ್ಬಿಯ, ಅಂದರೆ ಬೋಗಿಯ, ಎರಡನೇ ಬಾಗಿಲು ನಮ್ಮ ಭಜನಾ ಮಂಡಳಿಯದು. ಅಲ್ಲಿಗೆ ಹೊಸದಾಗಿ ಬಂದವನು ಬಾಗಿಲಲ್ಲಿ ನೇತಾಡುವುದರಿಂದ ಶುರು ಮಾಡಬೇಕು. ಹಿರಿಯನೊಬ್ಬ ನಿವೃತ್ತನಾದಾಗ ಎಲ್ಲರೂ ಒಂದೊಂದು ಹೆಜ್ಜೆ ಒಳಗೆ ಸರಿಯುತ್ತಾರೆ. ಮೂವರ ಬೆಂಚಿನಲ್ಲಿ ನಾಲ್ವರು ಕೂರುವ ಪದ್ಧತಿ. ನಾಲ್ಕನೆಯವನ ಅರ್ಧ ಶರೀರಕ್ಕೆ ಬೆಂಚು, ಉಳಿದರ್ಧಕ್ಕೆ ದೇವರೇ ಗತಿ. ಆಮೇಲೆ ಮೂರನೇ ಜಾಗ, ಆಮೇಲೆ ನಡುವಿನ ಜಾಗ, ಕೊಟ್ಟಕೊನೆಗೆ ಕಿಟಕಿ. ಕಿಟಕಿ ಎಂದರೆ ಬರೀ ಗಾಳಿಯಲ್ಲ, ಭಜನೆಯಲ್ಲಿ ಮುಂದಿನ ಹಾಡು ಯಾವುದು ಎಂದು ಹೇಳುವ ಅಧಿಕಾರ. ತಲೆಗೂದಲು ಹಣ್ಣಾಗದೆ ಅದು ಯಾರಿಗೂ ಸಿಕ್ಕಿದ್ದಿಲ್ಲ.

ಆಗ ಕಿಟಕಿಯಲ್ಲಿದ್ದವರು ಬಂದರು ಕಚೇರಿಯ ಮೋಕಾಶಿ ಕಾಕಾ. ದಸರೆ ಕಳೆದ ಕೂಡಲೇ ಅವರ ನಿವೃತ್ತಿ. ದಸರೆಯ ಹಿಂದಿನ ದಿನ ನಮ್ಮ ಡಬ್ಬಿಗೆ ಚೆಂಡುಹೂವಿನ ಸರ ಕಟ್ಟಿ, ಕಾಯಿ ಒಡೆದು ಪೂಜೆ ಮಾಡುವುದು ವಾಡಿಕೆ. ಆ ಪೂಜೆಯಲ್ಲಿ ಕಾಕಾ ಎದ್ದು, ನಡುವಿನಲ್ಲಿದ್ದ ಟಿಪ್ನಿಸ್ ಕಿಟಕಿಗೆ ಸರಿಯಬೇಕು. ಅವನ ನಂತರದ ಸರದಿ ನನ್ನದು. ಇನ್ನೊಂದು ನಿಯಮವಿತ್ತು: ಕಾಯಿಲೆ ಕಸಾಲೆಯ ಕಾರಣವಿಲ್ಲದೆ ಒಂದು ತಿಂಗಳು ಗಾಡಿ ಬಿಟ್ಟವನ ಸರದಿ ಹೋಯಿತು. ಅವನು ಮತ್ತೆ ಬಾಗಿಲಲ್ಲಿ ನೇತಾಡಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದ್ದರಿಂದ ಯಾರೂ ಮುರಿದಿರಲಿಲ್ಲ.

ಟಿಪ್ನಿಸನ ಕೀರ್ತಿಯ ಗುಟ್ಟೂ ಆ ಬೆಂಚೇ. ಅವನು ಜೇಬಿನಿಂದ ಹೊಸ ಬಣ್ಣ ಬಳಿದ ಕಾಗದದ ಚೂರುಗಳನ್ನು ತೆಗೆದು ಕೈಯಿಂದ ಕೈಗೆ ದಾಟಿಸುತ್ತಿದ್ದ. ಮಂಡಳಿ ಜಗಳವಾಡಿ ಹೆಸರಿಡುತ್ತಿತ್ತು. ದಿವಾ ಸ್ಟೇಷನ್ ದಾಟುವಾಗ ಗದ್ದೆಯಲ್ಲಿ ಕಂಡದ್ದಕ್ಕೆ 'ಕೊಕ್ಕರೆ ಬಿಳಿ', ಭಾಂಡುಪ್ ಹತ್ತಿರ 'ಉಪ್ಪಿನಗದ್ದೆ'. ನಮ್ಮ ಡೋಲಕ್ಕಿನ ಸಾಟಮ್ ಬಾಯಿ ತೆರೆದು ನಕ್ಕಾಗ ಹುಟ್ಟಿದ್ದು 'ತಾಂಬೂಲ'. ಆ ವರ್ಷ ಅರ್ಧ ದಾದರಿನ ಊಟದ ಕೋಣೆಗಳು ಸಾಟಮನ ಬಾಯಿಯ ಬಣ್ಣದಲ್ಲಿದ್ದವು. ತಿನ್ನುವವರಿಗೆ ಅದು ತಿಳಿದಿರಲಿಲ್ಲ, ಪುಣ್ಯ.

ಹೀಗಿರುವಾಗ ಟಿಪ್ನಿಸನ ಕಂಪನಿಗೆ ದಸ್ತೂರ್ ಸಾಹೇಬರು ಎಂಬ ಹೊಸ ಮ್ಯಾನೇಜರ್ ಬಂದರು. ತುಂಬಾ ಒಳ್ಳೆಯವರು. ಒಳ್ಳೆಯವರು ಬಂದಾಗಲೇ ಎಚ್ಚರವಾಗಿರಬೇಕು. ಅವರು ಎಲ್ಲರನ್ನೂ ಕೂರಿಸಿ ಹೇಳಿದರಂತೆ: "ನೋಡಿ, ಎಂಟರಿಂದ ಹನ್ನೊಂದರ ಒಳಗೆ ನಿಮಗೆ ಬೇಕಾದ ಹೊತ್ತು ಆರಿಸ್ಕೊಳ್ಳಿ. ತಡವಾಗಿ ಬಂದ್ರೆ ತಡವಾಗಿ ಹೋಗಿ. ಹೊತ್ತು ಮನುಷ್ಯನ ಕೈಯಲ್ಲಿದ್ರೆ ತೃಪ್ತಿ, ತೃಪ್ತಿ ಇದ್ರೆ ಕೆಲ್ಸ ತಾನಾಗೇ ಆಗತ್ತೆ." ಇದರಲ್ಲಿ ಏನೋ ಮಸಲತ್ತಿದೆ ಎಂದು ಯೂನಿಯನ್ನಿನವರು ಪಿಸುಗುಟ್ಟಿದರು. ಎಲ್ಲರೂ ತಮ್ಮ ಹಳೆಯ ಹೊತ್ತನ್ನೇ ಮತ್ತೆ ಬರೆದುಕೊಟ್ಟರು.

ಟಿಪ್ನಿಸನೂ ಹಾಗೇ ಬರೆಯುತ್ತಿದ್ದ. ಆದರೆ ಆ ಸಂಜೆ ನಮ್ಮ ಕಟ್ಟಡದ ಸಭೆಯಿತ್ತು. ನೀರಿನ ಟ್ಯಾಂಕಿನ ವಿಷಯ ಮಾತಾಡುತ್ತ ಕೆಳಮನೆಯ ಲೇಲೆ ಕಾಕೂ ಅಳಿಯನ ವಿಷಯಕ್ಕೆ ಬಂದರು. ಎಲ್ಲಿಂದ ಹೊರಟರೂ ಅವರು ಅಲ್ಲಿಗೇ ಬರುತ್ತಿದ್ದರು.

"ನಮ್ಮ ಅಳಿಯಂದ್ರು ಹತ್ತರ ಮೇಲೇ ಮನೆ ಬಿಡೋದು. ದೊಡ್ಡ ಹುದ್ದೆ ನೋಡಿ. ಗಡಿಯಾರ ನೋಡ್ಕೊಂಡು ಎದ್ದೂಬಿದ್ದೂ ಓಡೋದೆಲ್ಲ ಗುಮಾಸ್ತರ ಪಾಡು."

"ನಾನೂ ನಾಳೆಯಿಂದ ಹನ್ನೊಂದಕ್ಕೇ ಹೋಗೋದು ಕಾಕೂ," ಎಂದ ಟಿಪ್ನಿಸ್. "ನಮ್ಮ ಸಾಹೇಬ್ರು, ಟಿಪ್ನಿಸ್, ನಿಮಗೆ ಬೇಕಾದಾಗ ಬನ್ನಿ ಅಂದಿದಾರೆ."

ಸಭೆ ಗಪ್‌ಚಿಪ್ಪಾಯಿತು. ಟಿಪ್ನಿಸ್ ಅದನ್ನು ಗೌರವ ಎಂದುಕೊಂಡ. ಮೆಟ್ಟಿಲು ಇಳಿಯುವಾಗ ಲೇಲೆ ಕಾಕೂ ನನ್ನ ಹೆಂಡತಿಯ ಕೈ ಹಿಡಿದು, "ಯಾವ ಕಂಪನಿನಾದ್ರೂ ಬೇಕಾದಾಗ ಬನ್ನಿ ಅನ್ನತ್ತೇನೇ? ಬರಬೇಡಿ ಅನ್ನೋದನ್ನ ಮರ್ಯಾದೆಯಾಗಿ ಹೇಳಿದಾರೆ ಅಷ್ಟೆ. ಪಾಪ, ಅವನಿಗೆ ಅರ್ಥ ಆಗಿಲ್ಲ" ಎಂದರು.

ಮರುದಿನ ಎಂಟು ಏಳಕ್ಕೆ ನಾವೆಲ್ಲ ಗಾಡಿಯಲ್ಲಿದ್ದಾಗ ಟಿಪ್ನಿಸ್ ಪಟ್ಟೆಪಟ್ಟೆ ಪೈಜಾಮದಲ್ಲಿ ಬಾಲ್ಕನಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದನಂತೆ. ನಮ್ಮ ಓಣಿಯಲ್ಲಿ ಎಂಟರ ಮೇಲೆ ಗಂಡಸೆಂಬ ಪ್ರಾಣಿ ಕಾಣುತ್ತಿರಲಿಲ್ಲ. ಹೆಂಗಸರು ಬಾಲ್ಕನಿಯಿಂದ ಬಾಲ್ಕನಿಗೆ ಸಂಸಾರದ ಕಷ್ಟಸುಖ ಮಾತಾಡಿಕೊಳ್ಳುವ ಹೊತ್ತದು. ಆ ಪೈಜಾಮ ಕಂಡದ್ದೇ ಓಣಿಯ ಮಾತು ನಿಂತುಹೋಯಿತು. ಅವನ ಹೆಂಡತಿ, ನಮಗೆಲ್ಲ ಅತ್ತಿಗೆಯಂತಿದ್ದ ಕುಂದಾ ವಹಿನಿ, ಒಳಗಿನಿಂದ, "ಒಳಗೆ ಬನ್ರೀ, ಎಲ್ರೂ ನೋಡ್ತಿದಾರೆ" ಎಂದು ಹಲ್ಲು ಕಚ್ಚಿ ಕರೆದಳು.

"ನೋಡ್ಲಿ ಬಿಡೆ. ಆರಾಮಾಗಿರೋ ಮನುಷ್ಯನ್ನ ಅವ್ರು ನೋಡೇ ಇಲ್ಲ."

ಅಷ್ಟರಲ್ಲಿ ಮನೆಮನೆಯ ಊಟದ ಡಬ್ಬಿಗಳನ್ನು ಆಫೀಸುಗಳಿಗೆ ಒಯ್ಯುವ ಬಬನ್ ಬಂದ. ವಹಿನಿ ಎಂದಿನಂತೆ ಡಬ್ಬಿ ಕೊಟ್ಟಳು. ಬಬನ್ ಡಬ್ಬಿಯನ್ನು ನೋಡಿದ, ಬಾಲ್ಕನಿಯಲ್ಲಿದ್ದ ಯಜಮಾನನನ್ನು ನೋಡಿದ.

"ಸಾಹೇಬ್ರು ಮನೇಲೇ ಇದಾರಲ್ಲ ವಹಿನಿ. ಡಬ್ಬಿ ಯಾರಿಗೆ?"

"ನನಗೇ ಕಣಯ್ಯಾ," ಎಂದ ಟಿಪ್ನಿಸ್.

"ನೀವು ಇಲ್ಲಿದೀರಿ."

"ಊಟದ ಹೊತ್ತಿಗೆ ಅಲ್ಲಿರ್ತೀನಿ."

"ಹಂಗಾದ್ರೆ ನೀವೇ ತಗೊಂಡು ಹೋಗ್ಬಹುದಲ್ಲ."

"ಡಬ್ಬಿ ಹಿಡ್ಕೊಂಡು ಹೋಗೋಕೆ ನಾನೇನು ಗುಮಾಸ್ತನಾ?"

ಬಬನ್ ಡಬ್ಬಿ ಎತ್ತಿಕೊಂಡ. ಆದರೆ ಮುಂದಿನ ಪ್ರತಿ ಮನೆಯಲ್ಲೂ ದನಿ ತಗ್ಗಿಸಿ ಹೇಳಿದ: "ಟಿಪ್ನಿಸ್ ಸಾಹೇಬ್ರು ಮನೇಲೇ ಕೂತಿದಾರೆ. ಆದ್ರೂ ಡಬ್ಬಿ ಮಾತ್ರ ಆಫೀಸಿಗೆ ಹೋಗ್ತಿದೆ. ನಾಲ್ಕು ಜನಕ್ಕೆ ಗೊತ್ತಾಗ್ಬಾರ್ದು ಅಂತ ಇರ್ಬೇಕು. ಅನ್ನದ ಡಬ್ಬೀಲಿ ಮಾನ ಮುಚ್ಕೊಳ್ಳೋ ಕಾಲ ಯಾರಿಗೂ ಬರಬಾರದು." ಇದಕ್ಕಿಂತ ದೊಡ್ಡ ಸಾಕ್ಷಿ ಓಣಿಗೆ ಬೇಕಿರಲಿಲ್ಲ.

ಅಲ್ಲಿಂದ ಸಹಾನುಭೂತಿಯ ಪ್ರವಾಹ ಶುರುವಾಯಿತು. ಲೇಲೆ ಕಾಕೂ ಸಾಬುದಾನಿ ಖಿಚಡಿ ತಂದರು. ಇನ್ನೊಬ್ಬರು, ಹೆಚ್ಚಾಗಿತ್ತು ಎಂದು ಸುಳ್ಳು ಹೇಳಿ ಥಾಲಿಪೀಠ ತಂದರು. ಟಿಪ್ನಿಸ್ ಎಲ್ಲವನ್ನೂ ತಿಂದು, ಮೇಲಧಿಕಾರಿಯಾದ ಮೇಲೆ ಜನ ಹೇಗೆ ಬದಲಾಗುತ್ತಾರೆ ನೋಡು ಎಂದು ವಹಿನಿಗೆ ವೇದಾಂತ ಹೇಳಿದ. ಒಂದು ದಿನ ಠಾಣೆ ಊರಿನಿಂದ ವಹಿನಿಯ ಅಣ್ಣನೇ ಬಂದ. ಅವನದು ಹಿಟ್ಟಿನ ಗಿರಣಿ.

"ಭಾವೋಜಿ, ಮುಜುಗರ ಪಡಬೇಡಿ. ನಮ್ಮ ಗಿರಣಿ ಇದೆ. ನೀವೇನು ಹಿಟ್ಟು ಬೀಸೋದು ಬೇಡ, ಸುಮ್ನೆ ಕುರ್ಚಿ ಮೇಲೆ ಕೂತಿರಿ."

"ಯಾಕೆ ಕೂರ್ಲಿ? ನನಗೆ ಕೆಲ್ಸ ಇದೆಯಲ್ಲ."

"ಇದೆ, ಇದೆ," ಎಂದ ಅವನು, ಜ್ವರ ಬಂದವನಿಗೆ ಹೇಳುವಂತೆ. "ಖಂಡಿತ ಇದೆ. ಸಾಹೇಬ್ರೇ ಬೇಕಾದಾಗ ಬನ್ನಿ ಅಂದಿದಾರೆ ಅಲ್ವಾ? ಹೂಂ. ಸ್ವಲ್ಪ ಮಲ್ಕೊಳ್ಳಿ."

ಅವನು ಹೋದ ಮೇಲೆ ವಹಿನಿ ಸಿಟ್ಟು ತಡೆಯಲಾರದೆ ನಮ್ಮ ಮನೆಗೆ ಬಂದು ಕೂತಳು. "ಕೆಲ್ಸ ಹೋಗಿಲ್ಲ ಅಂತ ನನಗೊತ್ತು. ಆದ್ರೆ ಇವ್ರು ಹತ್ತರವರೆಗೂ ಮನೇಲಿರ್ತಾರಲ್ಲ, ಸಾಸಿವೆ ಡಬ್ಬಿ ಯಾಕೆ ಎಡಗಡೆ ಇಟ್ಟಿದೀಯ ಅಂತ ಕೇಳ್ತಾರೆ. ಆ ದಸ್ತೂರ್ ಸಾಹೇಬ್ರು ಎಲ್ಲರ ತೃಪ್ತಿ ಅಳೀತಾರಂತೆ. ನನ್ನ ತೃಪ್ತಿ ಅಳೆಯೋಕೆ ಯಾಕೆ ಬರ್ಲಿಲ್ಲ?" ಎಂದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿ, "ನೀವೇನೂ ಹೊತ್ತು ಬದಲಾಯಿಸೋಕೆ ಹೋಗ್ಬೇಡಿ" ಎಂದಳು.

ಇತ್ತ ಹತ್ತರ ಗಾಡಿಯಲ್ಲಿ ಟಿಪ್ನಿಸನ ಪಾಡು ಬೇರೆಯೇ. ಡಬ್ಬಿಯ ತುಂಬ ಖಾಲಿ ಕಿಟಕಿಗಳು. ಇಷ್ಟು ವರ್ಷ ಯಾವುದಕ್ಕೆ ಕಾದಿದ್ದನೋ ಅದು ಪುಕ್ಕಟೆ ಬಿದ್ದಿತ್ತು. ಮೊದಲ ದಿನ ಬಲಗಡೆ ಕೂತ, ಮರುದಿನ ಎಡಗಡೆ. ಮೂರನೇ ದಿನ ತಂಗಾಳಿಗೆ ನಿದ್ದೆ ಹತ್ತಿ, ಕೊನೆಯ ಸ್ಟೇಷನ್ ಬೋರಿಬಂದರಿನಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ಮತ್ತೆ ಕುರ್ಲಾದವರೆಗೆ ವಾಪಸು ಹೋಗಿಬಿಟ್ಟ. ಹನ್ನೊಂದು ಹನ್ನೊಂದೂವರೆಯಾಯಿತು, ಆಮೇಲೆ ಇನ್ನೂ ಜಾರಿತು. ಬಣ್ಣದ ಚೂರುಗಳನ್ನು ಜೇಬಿನಿಂದ ತೆಗೆದರೆ ದಾಟಿಸಲು ಪಕ್ಕದಲ್ಲಿ ಕೈ ಇರಲಿಲ್ಲ. ಆ ತಿಂಗಳು ಅವನು ಕೊಟ್ಟ ಹೆಸರುಗಳು ನನಗೆ ಇವತ್ತಿಗೂ ನೆನಪಿವೆ: 'ತಿಳಿ ಹಳದಿ', 'ಇನ್ನೂ ತಿಳಿ ಹಳದಿ', 'ಸುಮಾರು ಹಳದಿ'. ದಸ್ತೂರ್ ಸಾಹೇಬರು ತೃಪ್ತಿ ಹೇಗಿದೆ ಎಂದು ಕೇಳಿದಾಗಲೆಲ್ಲ ಮಾತ್ರ, ತುಂಬಾ ಇದೆ ಸಾರ್ ಎನ್ನುತ್ತಿದ್ದ. ಈ ಹೊತ್ತು ಬೇಡ ಎಂದು ಹೇಳಲು ಹೋದರೆ ಲೇಲೆ ಕಾಕೂವಿನ ಅಳಿಯನ ನೆನಪು ಅಡ್ಡ ಬರುತ್ತಿತ್ತು.

ಎಂಟು ಏಳರಲ್ಲಿ ಅವನ ನಡುವಿನ ಜಾಗದ ಮೇಲೆ ಮೋಕಾಶಿ ಕಾಕಾ ತಮ್ಮ ಟವೆಲ್ ಹಾಸಿಟ್ಟಿದ್ದರು. ಅಂಥ ಗರ್ದಿಯಲ್ಲಿ, ನೇತಾಡುವವರ ಕಣ್ಣೆದುರು, ಒಂದು ಟವೆಲ್ಲು ಠಾಣೆಯಿಂದಾಚೆಗೂ ಆರಾಮಾಗಿ ಕೂತು ಬರುತ್ತಿತ್ತು. ಮೂರನೇ ಜಾಗದಲ್ಲಿ ಮುದುಡಿ ಕೂತ ನಾನು ಅದನ್ನು ನೋಡಿಕೊಂಡು ಹೋಗುತ್ತಿದ್ದೆ.

"ಅವನು ತಾನೇ ಆರಿಸ್ಕೊಂಡ ಹೊತ್ತಂತೆ ಕಾಕಾ," ಎಂದೆ.

"ಯಾರಾದ್ರೂ ಎಂಟು ಏಳು ಬಿಟ್ಟು ಹತ್ತರ ಗಾಡಿ ಆರಿಸ್ಕೊಳ್ತಾರೇನೋ ಕರ್ಣಿಕ್? ಕಿಟಕಿ ಕೈಗೆ ಬಂದಿರೋವಾಗ?" ಕಾಕಾ ತಲೆಯಾಡಿಸಿದರು. "ಅವನ ಕೆಲ್ಸಕ್ಕೆ ಸಂಚಕಾರ ಬಂದಿದೆ. ಹೇಳ್ಕೊಳ್ಳೋಕೆ ನಾಚಿಕೆ. ನಮ್ಮ ಗಾಡಿಯೋನ ಕೆಲ್ಸ ಹೋಗಿರೋವಾಗ ನಾವು ಇಲ್ಲಿ ತಾಳ ಹಾಕ್ತಾ ಕೂರೋದಾ?"

ಸಾಟಮ್ ಡೋಲಕ್ಕಿನ ಮೇಲೆ ಕೈಯಿಟ್ಟು, "ಹಂಗಾದ್ರೆ ಅಲ್ಲೇ ಹೋಗಿ ಹಾಕೋಣ" ಎಂದ.

ಪೂಜೆಯ ಹಿಂದಿನ ದಿನ ಮಂಡಳಿಯ ಹನ್ನೆರಡು ಮಂದಿ ತಂತಮ್ಮ ಆಫೀಸಿಗೆ ಅರ್ಧ ದಿನದ ರಜೆ ಹಾಕಿ ಫೋರ್ಟಿನತ್ತ ನಡೆದೆವು. ನಮಗೆ ಯಾರಿಗೂ ಹೊತ್ತು ಆರಿಸುವ ಸೌಲಭ್ಯವಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ದಸ್ತೂರ್ ಸಾಹೇಬರು ಎದ್ದು ನಿಂತು ಕುರ್ಚಿ ತರಿಸಿದರು. ಕಾಕಾ ಕೂರಲಿಲ್ಲ.

"ಸಾಹೇಬ್ರೇ, ಟಿಪ್ನಿಸ್ ಮಾಡಿದ್ದನ್ನ ಕ್ಷಮಿಸಿಬಿಡಿ."

"ಟಿಪ್ನಿಸ್ ಏನು ಮಾಡಿದಾರೆ?" ಸಾಹೇಬರು ಗಾಬರಿಯಾದರು.

"ಅದು ನಿಮಗೇ ಗೊತ್ತು. ನಾವು ಅದನ್ನ ಎತ್ತಲ್ಲ."

"ನನಗೆ ಏನೂ ಗೊತ್ತಿಲ್ಲ. ದಯವಿಟ್ಟು ಎತ್ತಿ."

"ಅದು ನಿಮ್ಮ ದೊಡ್ಡತನ," ಎಂದು ಕಾಕಾ ಕೈ ಮುಗಿದರು. "ಮನುಷ್ಯ ಅಂದ್ಮೇಲೆ ತಪ್ಪು ಮಾಡ್ತಾನೆ. ಇನ್ಮೇಲೆ ಮಾಡಲ್ಲ. ನಾವು ಹನ್ನೆರಡು ಜನ ಜಾಮೀನು."

ಹನ್ನೆರಡು ಜಾಮೀನು ಬೇಕಾಗುವಂಥ ತಪ್ಪು ಯಾವುದಿರಬಹುದೆಂದು ಸಾಹೇಬರ ಮುಖ ಬಿಳಿಚಿತು. ಪಾಪ, ಒಬ್ಬ ಪ್ಯೂನನನ್ನು ಕರೆದು ಟಿಪ್ನಿಸನ ಮೇಜಿನ ಡ್ರಾಯರ್ ನೋಡಿ ಬಾ ಎಂದರು. ಅದರಲ್ಲಿ ಒಂದು ಬಾಚಣಿಗೆ ಸಿಕ್ಕಿತು. ಇನ್ನೇನು ಮಾಡಲೂ ತೋಚದೆ ನಾವು ಕ್ಯಾಬಿನ್ನಿನ ಹೊರಗೆ ನೆಲದ ಮೇಲೆ ಕೂತೆವು. ಸಾಟಮ್ ಡೋಲಕ್ಕು ತೆಗೆದ, ಕಾಕಾ ವಿಠ್ಠಲನ ಹೆಸರೆತ್ತಿದರು. ತಾಳದ ಸದ್ದಿಗೆ ಕಂಪನಿಯ ಎಲ್ಲ ಮಹಡಿಗಳೂ ಅಲ್ಲಿಗೆ ಇಳಿದು ಬಂದವು. ಇದಕ್ಕೇ ಕಾದಿದ್ದ ಯೂನಿಯನ್ನಿನ ಮುಖಂಡ, ಹೊತ್ತಿನ ಆಟ ಎಲ್ಲಿಗೆ ಬಂತು ನೋಡಿದಿರಾ ಎಂದು ಕುರ್ಚಿ ಹತ್ತಿದ. "ಟಿಪ್ನಿಸ್‌ರನ್ನ ವಾಪಸ್ ತಗೊಳ್ಳಿ" ಎಂದು ಅವನು, "ವಿಠ್ಠಲ ವಿಠ್ಠಲ" ಎಂದು ನಾವು. ಎರಡೂ ಒಂದೇ ತಾಳಕ್ಕೆ ಕೂತವು.

ಅಷ್ಟು ಹೊತ್ತಿಗೆ ಟಿಪ್ನಿಸ್ ಬಂದ. ಹನ್ನೊಂದೂವರೆ ದಾಟಿತ್ತು, ಕಣ್ಣಲ್ಲಿ ಇನ್ನೂ ನಿದ್ದೆಯಿತ್ತು. ತನ್ನ ಹೆಸರಿನ ಘೋಷಣೆ ಕೇಳಿ ಬಾಗಿಲಲ್ಲೇ ನಿಂತ.

"ಏನಾಗಿದೆ?" ಎಂದು ಪ್ಯೂನನನ್ನು ಕೇಳಿದ.

"ನಿಮ್ಮ ಕೆಲ್ಸ ಹೋಗಿದೆಯಂತೆ ಸಾರ್. ವಾಪಸ್ ಕೊಡಿ ಅಂತ ಕೇಳ್ತಿದಾರೆ."

ಟಿಪ್ನಿಸನ ಬಣ್ಣ ಇಳಿಯಿತು. ಲೇಲೆ ಕಾಕೂ ಖಿಚಡಿ ತಂದದ್ದು, ಭಾವಮೈದುನ ಮಲಗಿಸಿದ್ದು, ಓಣಿಯ ಥಾಲಿಪೀಠ, ಎಲ್ಲ ಒಟ್ಟಿಗೆ ಅರ್ಥವಾದಂತೆ ಅವನು ಛತ್ರಿ ಮೂಲೆಗಿಟ್ಟು, ಜನರ ನಡುವೆ ನುಸುಳಿ ಬಂದು ನನ್ನ ಪಕ್ಕದಲ್ಲಿ ಕೂತ. ಕೂತವನೇ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗಿದ: "ಟಿಪ್ನಿಸ್‌ರನ್ನ ವಾಪಸ್ ತಗೊಳ್ಳಿ!"

ದಸ್ತೂರ್ ಸಾಹೇಬರು ಹೊರಗೆ ಬಂದು ಅವನೆದುರು ಬಗ್ಗಿ ನಿಂತರು. "ಟಿಪ್ನಿಸ್, ನಿಮ್ಮನ್ನ ನಾನು ಯಾವಾಗ ತೆಗೆದೆ?"

"ಅದನ್ನೇ ನಾನೂ ಕೇಳ್ತಿರೋದು ಸಾರ್."

"ತೆಗೆದಿಲ್ಲ."

ಡೋಲಕ್ಕು ನಿಂತಿತು. ಮುಖಂಡ ಕುರ್ಚಿಯಿಂದ ಮೆಲ್ಲಗೆ ಇಳಿದ. ಕಾಕಾ ಟಿಪ್ನಿಸನನ್ನು ನೋಡಿದರು. "ಹಂಗಾದ್ರೆ ಎಂಟು ಏಳು ಬಿಟ್ಟಿದ್ದು ನಿಜವಾಗ್ಲೂ ನೀನೇ ಆರಿಸ್ಕೊಂಡೇನೋ?"

ಟಿಪ್ನಿಸ್ ತಲೆ ತಗ್ಗಿಸಿದ. ಸಾಹೇಬರು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತರು. ಅವರು ಒಳ್ಳೆಯವರು ಎಂದು ಮೊದಲೇ ಹೇಳಿದ್ದೇನೆ. "ನಿಮ್ಮ ತೃಪ್ತಿಗೆ ಅಂತ ಕೊಟ್ಟ ಹೊತ್ತು ಇದು. ನಿಜ ಹೇಳಿ, ತೃಪ್ತಿ ಇದೆಯಾ?"

"ಸಾರ್, ಹತ್ತರ ಗಾಡೀಲಿ ಎಷ್ಟು ಕಿಟಕಿ ಬೇಕೋ ಅಷ್ಟಿದೆ," ಎಂದ ಟಿಪ್ನಿಸ್. "ಆದ್ರೆ ಕೊಕ್ಕರೆ ಕಂಡ್ರೆ, ಅಲ್ನೋಡು ಅಂತ ಹೇಳೋಕೆ ಯಾರೂ ಇಲ್ಲ. ನನಗೆ ಬೇಕಾದ ಹೊತ್ತು ಅಂದ್ರಲ್ಲ, ನನಗೆ ಬೇಕಾಗಿದ್ದು ಎಂಟು ಏಳು ಸಾರ್."

"ಹಾಗಾದ್ರೆ ಎಂಟು ಏಳನ್ನೇ ಆರಿಸ್ಕೊಳ್ಳಿ. ಯಾರು ಬೇಡ ಅಂದ್ರು?"

ಯಾರೂ ಬೇಡ ಎಂದಿರಲಿಲ್ಲ, ನಿಜ. ಆದರೆ ನಮ್ಮ ಒಂದು ತಿಂಗಳಿನ ನಿಯಮ ಬೇಡ ಅನ್ನುತ್ತಿತ್ತು. ಕಾಕಾ ನನ್ನ ಕಡೆ ತಿರುಗಿದರು. ವಿಮಾ ಕಚೇರಿಯಲ್ಲಿ ಜನರ ಆಯುಸ್ಸಿನ ಲೆಕ್ಕ ಹಾಕಿ ಹೊಟ್ಟೆ ಹೊರೆಯುವವನು ನಾನು. ಸರದಿಯಲ್ಲಿ ಮುಂದಿನವನೂ ನಾನೇ.

"ಕರ್ಣಿಕ್, ಇವನು ಗಾಡಿ ಬಿಟ್ಟು ತಿಂಗಳಾಯ್ತೇನೋ?"

ಆಗಿತ್ತು. ಅದರ ಮೇಲೆ ಕೆಲವು ದಿನಗಳೂ ಆಗಿದ್ದವು. ಟಿಪ್ನಿಸ್ ನನ್ನನ್ನು ನೋಡಲಿಲ್ಲ, ತನ್ನ ಚಪ್ಪಲಿ ನೋಡುತ್ತಿದ್ದ. ಕಿಟಕಿಯ ಗಾಳಿ ನನ್ನ ಮುಖಕ್ಕೆ ಬಡಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ.

"ಎಲ್ಲಿ ಕಾಕಾ," ಎಂದೆ. "ನಡುವೆ ಭಾನುವಾರ ಬಂದ್ವಲ್ಲ. ಭಾನುವಾರ ನಮ್ಮ ಗಾಡಿ ಎಲ್ಲಿದೆ?"

ಕಾಕಾ ನನ್ನ ಬೆನ್ನು ತಟ್ಟಿ, "ನಿಮ್ಮ ವಿಮಾ ಕಚೇರಿ ಉದ್ಧಾರ ಆಗತ್ತೆ" ಎಂದರು.

ಮರುದಿನ ನಮ್ಮ ಡಬ್ಬಿ ಮದುವಣಗಿತ್ತಿಯಂತಿತ್ತು. ಸರಳುಗಳಿಗೆಲ್ಲ ಚೆಂಡುಹೂವು, ಬಾಗಿಲಿಗೆ ಮಾವಿನ ತೋರಣ, ನೇತಾಡುವವರ ಕೈಯಲ್ಲೂ ಪೇಢೆ. ಮೋಕಾಶಿ ಕಾಕಾ ಕಿಟಕಿಯ ಸರಳಿಗೆ ಕುಂಕುಮ ಹಚ್ಚಿ ಎದ್ದರು. ಟಿಪ್ನಿಸ್ ಕೂರುವ ಮೊದಲು ಅವರ ಕಾಲು ಮುಟ್ಟಲು ಬಗ್ಗಿದ, ಗರ್ದಿಯಲ್ಲಿ ಸಿಕ್ಕಿದ್ದು ಸಾಟಮನ ಕಾಲು. ಆಶೀರ್ವಾದ ಮಾತ್ರ ಕಾಕಾನೇ ಮಾಡಿದರು. ಆ ಬೆಳಗಿನಷ್ಟು ನಾನು ಬೇರೆಲ್ಲೂ ಸಂತೋಷವಾಗಿ ಇದ್ದಿಲ್ಲ, ಅದೂ ಒಂದೇ ಕಾಲಿನ ಮೇಲೆ ನಿಂತು. ಲೇಲೆ ಕಾಕೂ ಮಾತ್ರ, ತಾವು ಖಿಚಡಿ ಕೊಟ್ಟಿದ್ದರಿಂದಲೇ ಟಿಪ್ನಿಸನ ಕೆಲಸ ವಾಪಸು ಬಂತೆಂದು ಬಹಳ ಕಾಲ ಹೇಳಿಕೊಂಡು ತಿರುಗಿದರು.

ನಿವೃತ್ತಿಯಾದ ಮೊದಲ ಸೋಮವಾರ ನಾವು ಪ್ಲಾಟ್‌ಫಾರ್ಮಿಗೆ ಬಂದರೆ ಕಾಕಾ ಅಲ್ಲಿದ್ದರು. ಇಸ್ತ್ರಿ ಅಂಗಿ, ಕೈಯಲ್ಲಿ ಅದೇ ಟವೆಲ್ಲು.

"ಎಲ್ಲಿಗೆ ಕಾಕಾ?" ಎಂದ ಟಿಪ್ನಿಸ್.

"ಎಲ್ಲಿಗೂ ಇಲ್ಲ. ಈಗ ಇಡೀ ದಿನ ನನ್ನ ಕೈಯಲ್ಲೇ ಇದೆಯಲ್ಲ, ಬೇಕಾದ ಹೊತ್ತು ಆರಿಸ್ಕೊಂಡೆ."

ಗಾಡಿ ಹೊರಟಾಗ ಅವರು ಟವೆಲ್ಲು ಬೀಸಿದರು. ಹಾಗೆ ಎಷ್ಟೋ ವರ್ಷ ಬೀಸಿದರು. ಮುಂದಿನ ದೀಪಾವಳಿಗೆ ಟಿಪ್ನಿಸನ ಕಂಪನಿ ಹೊರತಂದ ಬಣ್ಣಗಳಲ್ಲಿ ಒಂದು, ಒಗೆದೊಗೆದು ಬೂದಿಗೆ ತಿರುಗಿದ ಮೆತ್ತನೆಯ ಬಿಳಿ. ಅದರ ಹೆಸರು 'ಮೋಕಾಶಿ ಟವೆಲ್'. ದಸ್ತೂರ್ ಸಾಹೇಬರು ಯಾವ ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದರಂತೆ.

ಈಗ ಕಾಕಾ ಇಲ್ಲ, ಟಿಪ್ನಿಸನೂ ಇಲ್ಲ. ಅವನ ನಂತರ ಕಿಟಕಿ ನನಗೆ ಬಂತು, ನನ್ನಿಂದ ಯಾರಿಗೋ ಹೋಯಿತು. ಮೊನ್ನೆ 'ಪಾಪ' ಎಂದ ಆ ಹುಡುಗಿ ಕೂತು ಆಫೀಸು ನಡೆಸುತ್ತಾಳಲ್ಲ, ಅವಳ ಬೆನ್ನ ಹಿಂದಿನ ಗೋಡೆ ಅದೇ 'ಮೋಕಾಶಿ ಟವೆಲ್' ಬಣ್ಣದ್ದು. ಅವಳ ಅಜ್ಜ ಬಳಿಸಿದ್ದು. ಅವನೂ ಎಂಟು ಏಳರಲ್ಲಿ ಡೋಲಕ್ಕು ಬಾರಿಸುತ್ತಿದ್ದವನು.